ಹಂಡೆ ಮಡುವಿನ ಉಂಗುರ

ಗಂಡ ಪೂಜೆಗೆ ಕೂರುವಾಗ ಬಾಗಿಲು ಮುಂದೆ ಮಾಡಿಕೊಳ್ಳಲು ಶುರುಮಾಡಿದ ದಿನವೇ ಸರ್ವಮಂಗಳಮ್ಮನಿಗೆ ಅನುಮಾನ ಬರಬೇಕಾಗಿತ್ತು. ಬರಲಿಲ್ಲ. ಕಾರ್ತೀಕದ ಚಳಿ, ಅದಕ್ಕೇ ಹಾಕಿಕೊಳ್ಳುತ್ತಾರೆ ಅಂದುಕೊಂಡಳು. ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು, ಯುಗಾದಿ ಹೊತ್ತಿಗೆ ಶೀಟಿನ ಮನೆ ಕಾದ ಬಾಣಲೆಯಾಯಿತು, ಬಾಗಿಲು ಮಾತ್ರ ತೆರೆಯಲಿಲ್ಲ. ಆಗ ಅವಳ ತಲೆಯೊಳಕ್ಕೆ ಹುಳ ಹೊಕ್ಕಿತು.

ಏಕೆಂದರೆ ಗಂಗಾಧರಸ್ವಾಮಿ ಬಾಗಿಲು ಹಾಕಿಕೊಂಡು ಪೂಜೆ ಮಾಡುವ ಪೈಕಿಯೇ ಅಲ್ಲ. ನಂಜನಗೂಡಿನ ಬಜಾರಿನಲ್ಲಿ ಅವನದೊಂದು ಪಠ್ಯಪುಸ್ತಕದ ಅಂಗಡಿ, ಮಠದ ಹಾಸ್ಟೆಲ್ ಕಮಿಟಿಯಲ್ಲಿ ಮೆಂಬರಿಕೆ, ಇವೆರಡರ ಜೊತೆಗೆ ಊರಿನವರೆಲ್ಲರ ಆಚಾರ ತನ್ನ ಹೆಗಲ ಮೇಲೇ ಇದೆ ಎನ್ನುವ ಭಾವನೆ. ಬೆಳಿಗ್ಗೆ ಸ್ನಾನ ಮಾಡಿ ನಡುಮನೆಯಲ್ಲಿ ಕೂತು, ಕೊರಳಿನ ಬೆಳ್ಳಿ ಕರಡಿಗೆ ತೆರೆದು, ಲಿಂಗವನ್ನು ಎಡಗೈ ಮೇಲಿಟ್ಟುಕೊಂಡರೆ ಅರ್ಧ ಗಂಟೆ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಹಾಲಿನವಳು ಬಂದರೂ ಹೊಸಿಲಾಚೆ ನಿಂತು ನೋಡಬೇಕು, ಕೈಮುಗಿಯಬೇಕು. ನೋಡುವವರಿದ್ದರೆ ಅವನ ಪೂಜೆಗೆ ಕಳೆ.

ಆ ಲಿಂಗ ಅವನು ಕೂಸಾಗಿದ್ದಾಗ ಮಠದ ಅಯ್ಯನವರು ಕಟ್ಟಿದ್ದು. ಬದುಕಿರುವ ತನಕ ಎದೆಯ ಮೇಲೆ, ಮಣ್ಣಿಗೆ ಹೋಗುವಾಗಲೂ ಜೊತೆಗೆ. ಅದನ್ನು ಕಳೆದುಕೊಂಡವನು ಒಂದು ಗುಟುಕು ನೀರು ಕುಡಿದರೂ ತಪ್ಪು ಎನ್ನುವುದು ಅವನ ಕಟ್ಟುನಿಟ್ಟು. ಬೇರೆಯವರು ಮಠಕ್ಕೆ ಹೋಗಿ, ಹೀಗಾಯಿತು ಬುದ್ಧಿ ಅಂತ ಹೇಳಿಕೊಂಡು, ಹೊಸದು ಕಟ್ಟಿಸಿಕೊಂಡು ಬರುತ್ತಿದ್ದರು. ಅಂಥವರನ್ನು ಕಂಡರೆ ಗಂಗಾಧರಸ್ವಾಮಿ ಮೂಗು ಮುರಿಯುತ್ತಿದ್ದ. ಮದುವೆ ಮನೆಗಳಲ್ಲಿ ಹುಡುಗರ ಎದೆಯನ್ನು ಎರಡು ಬೆರಳಲ್ಲಿ ತಟ್ಟಿ, "ಎಲ್ಲೋ ಇದೆ?" ಎಂದು ಕೇಳುವುದು ಅವನ ಅಭ್ಯಾಸ. ಹುಡುಗರು ಅವನನ್ನು ಕಂಡರೆ ಕೈತೊಳೆಯುವ ಕಡೆಗೆ ಜಾರಿಕೊಳ್ಳುತ್ತಿದ್ದರು.

ಆ ಎರಡು ಬೆರಳೇ ಸರ್ವಮಂಗಳಮ್ಮನ ತವರಿಗೆ ಕಲ್ಲು ಹಾಕಿದ್ದು. ಮೂರು ವರ್ಷದ ಹಿಂದೆ ಹೆಡತಲೆಯಲ್ಲಿ ಅವಳ ಅಣ್ಣ ಶಿವಮಲ್ಲಪ್ಪನ ಗೃಹಪ್ರವೇಶ. ಅಣ್ಣನ ಮಗ ಮಲ್ಲಿಕಾರ್ಜುನ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮುಗಿಸಿ, ಹಸಿದುಕೊಂಡು ಬಂದು ಪಂಕ್ತಿಯಲ್ಲಿ ಕೂತಿದ್ದ. ಗಂಗಾಧರಸ್ವಾಮಿ ಎದೆ ತಟ್ಟಿದ. ಲಿಂಗ ಇರಲಿಲ್ಲ. ರೂಮಿನಲ್ಲಿ ಸ್ನಾನಕ್ಕೆ ಹೋದಾಗ ಬೆಳ್ಳಿಯಾಸೆಗೆ ಯಾರೋ ಎತ್ತಿಕೊಂಡು ಹೋದರು ಮಾವ, ಮುಂದಿನ ವಾರ ಮಠಕ್ಕೆ ಹೋಗ್ತೀನಿ ಎಂದ ಹುಡುಗ. "ಏಳು ಮೇಲೆ" ಎಂದ ಗಂಗಾಧರಸ್ವಾಮಿ. ಇನ್ನೂರು ಜನದ ಮುಂದೆ ಹುಡುಗ ಅರ್ಧ ಒಬ್ಬಟ್ಟು ಎಲೆಯ ಮೇಲೆ ಬಿಟ್ಟು ಎದ್ದ. ಅವತ್ತಿನಿಂದ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರುವುದು ನಿಂತಿತು. ಮೂರು ಗೌರಿ ಹಬ್ಬ. ಪ್ರತಿ ಹಬ್ಬದಲ್ಲೂ ಸರ್ವಮಂಗಳಮ್ಮ ಬಸ್ಸು ಬರುವ ಹೊತ್ತಿಗೆ ಜಗಲಿ ಗುಡಿಸುವ ನೆಪದಲ್ಲಿ ಹೊರಗೆ ಬಂದು ನಿಲ್ಲುತ್ತಿದ್ದಳು. ಗಂಡನಿಗೆ ಅದು ಕಂಡಿದ್ದರೂ ಕಾಣದವನಂತೆ ಪೇಪರ್ ಓದುತ್ತಿದ್ದ. ಆ ಸಿಟ್ಟು ಅವಳ ಹೊಟ್ಟೆಯಲ್ಲಿ ಆರಿರಲಿಲ್ಲ. ಆದರೆ ಇಷ್ಟು ನಿಯತ್ತಿನ ಮನುಷ್ಯ ಕಟ್ಟಿಕೊಂಡವಳಿಗೆ ಮೋಸ ಮಾಡಲಾರ ಎನ್ನುವ ಒಂದು ಸಮಾಧಾನವಾದರೂ ಇತ್ತು. ಈಗ ಅದಕ್ಕೂ ಕುತ್ತು ಬಂದಿತ್ತು.

ಒಂದೊಂದೇ ನೆನಪಾಗತೊಡಗಿತು. ಕರಡಿಗೆಯ ಮುಚ್ಚಳ ಸಡಿಲವಾಗಿದೆ, ಅಕ್ಕಸಾಲಿಗನ ಹತ್ತಿರ ಕೊಡಿ ಎಂದು ಅವಳು ಎರಡು ವರ್ಷ ಬಡಕೊಂಡಿದ್ದಳು. ಹೂಂ ಅಂದವನು ಅಲ್ಲಾಡಿರಲಿಲ್ಲ. ಕಾರ್ತೀಕದಲ್ಲಿ ಇದ್ದಕ್ಕಿದ್ದಂತೆ ತಾನೇ ಹೋಗಿ ಬಿಗಿ ಮಾಡಿಸಿಕೊಂಡು ಬಂದ. ಬೇಸಿಗೆ ಹತ್ತಿದ ಮೇಲೆ ಪ್ರತಿ ಭಾನುವಾರ ಟಿ. ನರಸೀಪುರದಲ್ಲಿ ಕಮಿಟಿ ಮೀಟಿಂಗ್. ಮೀಟಿಂಗ್ ಮುಗಿಸಿ ಬಂದವನ ಕಣ್ಣು ಕೆಂಡ, ತಲೆಯಲ್ಲಿ ಎಣ್ಣೆ ಪಸೆಯಿಲ್ಲ, ಕಿವಿಯ ಸಂದಿಯಲ್ಲಿ ಸಣ್ಣ ಮರಳು. ಅದಕ್ಕಿಂತ ಹೆಚ್ಚಾಗಿ, "ಇನ್ನೊಂದ್ ನಾಲ್ಕು ರೊಟ್ಟಿ ಜಾಸ್ತಿ ಹಾಕು" ಎನ್ನುವ ಮಾತು. ಒಂದೂವರೆ ರೊಟ್ಟಿಗೆ ಡರ್ರನೆ ತೇಗುವ ಮನುಷ್ಯನಿಗೆ ಆರು ರೊಟ್ಟಿ ಯಾವ ಹೊಟ್ಟೆಗೆ?

ಮೇ ತಿಂಗಳಿನಲ್ಲಿ ಮೊಸರು ಮಾರುವ ಸಾಕಮ್ಮ ಬಂದು ಉರಿಯುವ ಒಲೆಗೆ ಇನ್ನೊಂದು ಸೌದೆ ಇಟ್ಟಳು. ಸಾಕಮ್ಮನ ತವರು ಟಿ. ನರಸೀಪುರದ ರಸ್ತೆಯಲ್ಲಿ, ಹೊಳೆ ದಂಡೆಯ ಊರು.

"ಅಕ್ಕಾ, ನಾನೇಳ್ದೆ ಅಂತ ಯಾರ್ಗೂ ಅನ್ಬ್ಯಾಡಿ. ಓದ್ ಭಾನ್ವಾರ ನಮ್ಮೂರಲ್ಲಿ ನಿಮ್ಮನೆಯೋರ್ನ ಕಂಡೆ. ಜವರಯ್ಯನ ಮನೇಲಿ ಕೂತವ್ರೆ. ಆಮೇಲ್ ತೆಪ್ಪ ಅತ್ಕಂಡು ಅಂಡೆ ಮಡೂ ಕಡೀಕ್ ಓದ್ರು."

"ಜವರಯ್ಯನ ಮನೇಲಿ ಯಾರ್ಯಾರಿದ್ದಾರೆ?"

"ಅವ್ನು, ಅವನ್ ತಂಗಿ ಮುದ್ದಮ್ಮ. ಗಂಡ ತೀರ್ಕಂಡ್ ಮೇಲೆ ಅಣ್ಣನ್ ತಾವೇ ಅವ್ಳೆ" ಎಂದು ಸಾಕಮ್ಮ ಮೊಸರಿನ ಕೊಸರು ಹಾಕಿ, ಬಾಯಿ ಬಿಗಿದುಕೊಂಡು ಎದ್ದು ಹೋದಳು. ಬಾಯಿ ಬಿಗಿದುಕೊಂಡ ರೀತಿಯಲ್ಲೇ ಎಲ್ಲವೂ ಇತ್ತು.

ಸರ್ವಮಂಗಳಮ್ಮ ಅಳಲಿಲ್ಲ, ಜಗಳಕ್ಕೂ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಹನ್ನೆರಡು ರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ, ಬದನೆಕಾಯಿ ಎಣ್ಣೆಗಾಯಿ ಡಬ್ಬಿಗೆ ತುಂಬಿ, ಹಳೇ ಹತ್ತಿ ಸೀರೆ ಉಟ್ಟು ಜಗಲಿಯಲ್ಲಿ ಕೂತಳು.

"ಎಲ್ಲಿಗೆ ಹೊರಟೆ?" ಎಂದ ಗಂಡ.

"ನಿಮ್ಮ ಜೊತೆಗೆ. ಹಂಡೆ ಮಡು ಬೇಸಿಗೇಲಿ ಬಲು ತಂಪಂತಲ್ಲ. ರಮ್ಯನ ಮದುವೆ ಮಾಡಿ ಕಳಿಸಿದ ಮೇಲೆ ನಾವಿಬ್ಬರೂ ಎಲ್ಲಿಗೂ ಹೋಗಿಲ್ಲ. ನಾನೂ ಒಂದು ಮುಳುಗು ಹಾಕಿ ಬರ್ತೀನಿ."

ಮಡುವಿನ ಹೆಸರು ಕೇಳಿದ್ದೇ ಗಂಗಾಧರಸ್ವಾಮಿಯ ಕೈ ಅಂಗಿಯ ಮೇಲಿಂದ ಕರಡಿಗೆಯನ್ನು ಹಿಡಿದುಕೊಂಡಿತು. ಯಾರು ಹೇಳಿದರು ಎಂದು ಕೇಳಲಿಲ್ಲ. ಕಮಿಟಿ ಎಂದು ಇನ್ನೊಂದು ಸುಳ್ಳು ಹೇಳಲು ಬಾಯಿ ತೆರೆದು ಮುಚ್ಚಿದ. "ಬಿಸಿಲು..." ಎಂದ.

"ನಿಮಗೆ ಇಲ್ಲದ ಬಿಸಿಲು ನನಗೇನು" ಎಂದು ಅವಳು ಡಬ್ಬಿಯ ಗಂಟು ಅವನ ಕೈಗೇ ಕೊಟ್ಟಳು.

ಬಸ್ಸಿನಲ್ಲಿ ಅವನು ಗಂಡಸರ ಸಾಲಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದ. ಅವಳು ಹೆಂಗಸರ ಸಾಲಿನಿಂದ ಅವನ ಹಿಂದಲೆಯನ್ನು ನೋಡುತ್ತಿದ್ದಳು. ಇಪ್ಪತ್ತೆಂಟು ವರ್ಷ ನೋಡಿದ ತಲೆ, ಅದರೊಳಗೆ ಏನಿದೆಯೋ ಗೊತ್ತಿಲ್ಲ. ಕಣ್ಣು ತುಂಬಿ ಬಂತು. ಛೆ, ಇಷ್ಟು ಬೇಗ ಅಳಬಾರದು, ಮೊದಲು ಅವಳನ್ನು ನೋಡೋಣ ಎಂದು ಸೆರಗಿನಲ್ಲಿ ಮೂಗೊರೆಸಿಕೊಂಡಳು.

ಜವರಯ್ಯನ ಮನೆ ಹೊಳೆಗೆ ಬೆನ್ನು ಕೊಟ್ಟು ನಿಂತ ಎರಡಂಕಣದ ಹೆಂಚಿನ ಮನೆ. ಅಂಗಳದಲ್ಲಿ ತೆಪ್ಪ ಬೋರಲು ಹಾಕಿತ್ತು. ಬಿದಿರಿನ ಹೆಣಿಗೆಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಟಾರು ಬಳಿದ ದುಂಡನೆಯ ತೆಪ್ಪ. ಜವರಯ್ಯ ಅರವತ್ತರ ಮುದುಕ, ತೊಗಲು ಒಣಗಿದ್ದರೂ ತೋಳು ಗಟ್ಟಿ. ಗಂಗಾಧರಸ್ವಾಮಿಯ ಹಿಂದೆ ಹೆಂಗಸನ್ನು ಕಂಡು ಬೀಡಿ ಎಸೆದು ಎದ್ದ.

"ಅಮ್ಮಾವ್ರೂ ಬಂದವ್ರೆ! ಲೇ ಮುದ್ದೀ, ನೀರ್ ತತ್ತಾ."

ಒಳಗಿನಿಂದ ಬಂದವಳನ್ನು ಸರ್ವಮಂಗಳಮ್ಮ ಅಡಿಯಿಂದ ಮುಡಿಯವರೆಗೆ ನೋಡಿದಳು. ನಲವತ್ತೈದು ಇರಬಹುದು. ಹಲ್ಲು ಸಾಲಾಗಿವೆ, ನಡು ಇನ್ನೂ ಬಾಗಿಲ್ಲ. ಬೇಕಾದಷ್ಟಾಯಿತು.

"ಬನ್ನಿ ಅಮ್ಮಾವ್ರೆ, ವಳೀಕ್ ಬನ್ನಿ, ಬಿಸ್ಲು" ಎಂದಳು ಮುದ್ದಮ್ಮ. ಗಂಟಿನ ಮೇಲೆ ಕಣ್ಣು ಹಾಕಿ ನಕ್ಕು, "ನಿಮ್ಮನೆ ರೊಟ್ಟಿ ಅಂದ್ರೆ ರೊಟ್ಟಿ ಕಣ್ರವ್ವ. ಬುದ್ಧಿಯೋರು ವಾರ್ವಾರ ತತ್ತಾರೆ" ಎಂದಳು.

ನಾಲ್ಕು ರೊಟ್ಟಿಯ ಲೆಕ್ಕ ಸಿಕ್ಕಿತು. ಸರ್ವಮಂಗಳಮ್ಮ ಒಳಗೆ ಹೋದಳು. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಗೋಡೆಯ ಗೂಡು ಕಾಣಿಸಿತು, ಅದರಲ್ಲಿ ಸಣ್ಣ ದೀಪ, ಒಂದು ಕಣಗಿಲೆ ಹೂವು, ಹೂವಿನ ಕೆಳಗೆ ಹುಣಿಸೆ ಹಾಕಿ ತಿಕ್ಕಿದ ಹಿತ್ತಾಳೆ ತಟ್ಟೆ. ತಟ್ಟೆಯಲ್ಲಿ ನಿಂಬೆಹಣ್ಣಿನ ಗಾತ್ರದ, ಕಪ್ಪಗೆ ಹೊಳೆಯುವ ಲಿಂಗ.

ಬುಡದ ಹತ್ತಿರ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿತ್ತು. ಅದರಲ್ಲಿ ವಿಭೂತಿ ಕೂತು ಬೆಳ್ಳಗಾಗಿತ್ತು.

ಆ ಚಕ್ಕೆ ಅವಳಿಗೆ ಗೊತ್ತು. ರಮ್ಯ ಅಂಬೆಗಾಲಿಡುವ ಮಗುವಾಗಿದ್ದಾಗ ಪೂಜೆಗೆ ಕೂತ ಅಪ್ಪನ ಅಂಗೈಯಿಂದ ಲಿಂಗ ಕಿತ್ತು ಸಿಮೆಂಟ್ ನೆಲಕ್ಕೆ ಬಡಿದಿದ್ದಳು. ಮೇಲಿನ ಕಪ್ಪು ಲೇಪ ಅಷ್ಟು ಎದ್ದುಹೋಯಿತು. ಅವತ್ತು ಅವನು ಉಪವಾಸ ಕೂತ, ಮನೆಯವರನ್ನೆಲ್ಲ ಕೂರಿಸಿದ. ಆ ಬಿಳಿ ಚುಕ್ಕೆಯನ್ನು ಅವಳು ಇಪ್ಪತ್ತೈದು ವರ್ಷ ದಿನಾ ಬೆಳಿಗ್ಗೆ ನೋಡಿದ್ದಳು, ಬಾಗಿಲು ಮುಚ್ಚುವ ತನಕ.

ಮುದ್ದಮ್ಮ ಅವಳ ನೋಟ ಹೋದ ಕಡೆ ನೋಡಿ, ಗಾಬರಿಯಾಗಿ, ಗೂಡಿಗೆ ಅಡ್ಡವಾಗಿ ನಿಂತುಕೊಂಡಳು. "ಏನಿಲ್ಲ ಕಣ್ರವ್ವ, ಬಡವ್ರ್ ಮನೆ ದೇವ್ರು" ಎಂದು ನೀರಿನ ಚೆಂಬು ಮುಂದೆ ಹಿಡಿದಳು.

ಅಡ್ಡ ನಿಲ್ಲುತ್ತಾಳಲ್ಲ! ಹೆಂಡತಿಯೇ ಮುಟ್ಟಬಾರದ ವಸ್ತು ಅದು. ಅವನ ಪ್ರಾಣ ಅನ್ನುವುದೇ ಅದು. ಸೀರೆ ಕೊಡಿಸಿದ್ದರೆ, ಓಲೆ ಕೊಡಿಸಿದ್ದರೆ ಅವಳು ಕೂದಲು ಹಿಡಿದು ಜಗಳ ಆಡುತ್ತಿದ್ದಳು. ಇದಕ್ಕೆ ಯಾವ ಜಗಳ? ಕೊರಳಿನಿಂದ ಲಿಂಗ ತೆಗೆದು ಇನ್ನೊಬ್ಬಳ ಗೂಡಿನಲ್ಲಿಟ್ಟ ಮೇಲೆ ತನಗೆ ಉಳಿದದ್ದು ಖಾಲಿ ಕರಡಿಗೆ ಮತ್ತು ರೊಟ್ಟಿ ತಟ್ಟುವ ಕೆಲಸ. ಕೇಳಬೇಕೆಂದುಕೊಂಡಳು. ಅಷ್ಟರಲ್ಲಿ ಹೊರಗಿನಿಂದ ಜವರಯ್ಯ, "ಬನ್ನಿ ಅಮ್ಮಾವ್ರೆ, ಬಿಸ್ಲೇರೋಕ್ ಮುಂಚೆ ಓಗ್ಬುಡವ" ಎಂದು ಕೂಗಿದ. ನೀರು ಮುಟ್ಟದೆ ಹೊರಗೆ ಬಂದಳು.

ತೆಪ್ಪ ನೀರಿಗೆ ಇಳಿಯಿತು. ಕಪಿಲೆ ಬೇಸಿಗೆಗೆ ಬಡವಾಗಿ, ಬಂಡೆಗಳ ಸಂದಿಯಲ್ಲಿ ಹುಡುಕಿಕೊಂಡು ಹರಿಯುತ್ತಿತ್ತು. ಜವರಯ್ಯ ಹುಟ್ಟು ಹಾಕುತ್ತಿದ್ದರೆ ತೆಪ್ಪ ನಿಧಾನಕ್ಕೆ ಸುತ್ತುತ್ತ ಮುಂದಕ್ಕೆ ಹೋಗುತ್ತಿತ್ತು. ಒಂದು ಸುತ್ತಿಗೆ ಗಂಡನ ಮುಖ ಬಿಸಿಲಿಗೆ ಬಂದರೆ ಇನ್ನೊಂದು ಸುತ್ತಿಗೆ ನೆರಳಿಗೆ ಹೋಗುತ್ತಿತ್ತು. ಜವರಯ್ಯನೇ ಮೊದಲು ಬಾಯಿ ಬಿಟ್ಟ.

"ಇವತ್ತಾದ್ರೂ ಸಿಕ್ಬುಡ್ಲಿ ಬುದ್ಧಿ, ನಿಮ್ ಉಂಗ್ರ."

"ಯಾವ ಉಂಗುರ?" ಎಂದಳು ಸರ್ವಮಂಗಳಮ್ಮ.

"ಅಯ್, ನಿಮ್ಗೇಳಿಲ್ವಾ? ಮದ್ವೇಲಿ ನಿಮ್ಮಪ್ಪಾಜಿ ಆಕಿದ್ ಉಂಗ್ರವಂತೆ. ಕಾರ್ತೀಕದಲ್ಲಿ ಮಠದೋರ್ ಜತೆ ಈಜಕ್ ಬಂದಾಗ ಮಡೂವೊಳೀಕ್ ಬಿದ್ದೋಯ್ತಂತೆ. ನೀರಿಳಿದ್ ಮ್ಯಾಲೆ ವಾರ್ವಾರ ಬಂದು ಮುಳುಗ್ತಾವ್ರೆ ಪಾಪ. ನಾನೂ ಮುಳುಗ್ದೆ. ಎಲ್ಡಾಳುದ್ದ ಆಳ ಅವ್ವಾ ಅದು."

ಗಂಗಾಧರಸ್ವಾಮಿ ತಲೆ ಎತ್ತಲಿಲ್ಲ. ಅಪ್ಪ ಹಾಕಿದ ಉಂಗುರ ಬೀರುವಿನಲ್ಲಿ, ರಮ್ಯ ಕೂಸಾಗಿದ್ದಾಗಿನ ಬಟ್ಟೆಯ ಕೆಳಗೆ, ಕುಂಕುಮದ ಭರಣಿಯಲ್ಲಿತ್ತು. ಬೆಳಿಗ್ಗೆ ಸೀರೆ ತೆಗೆಯುವಾಗ ಅವಳು ಅದನ್ನು ಮುಟ್ಟಿ ನೋಡಿದ್ದಳು. ಹೆಂಡತಿಗೆ ಕಮಿಟಿಯ ಸುಳ್ಳು, ತೆಪ್ಪದವನಿಗೆ ಉಂಗುರದ ಸುಳ್ಳು. ಅಣ್ಣನ ಕಣ್ಣಿಗೆ ಮಣ್ಣೆರಚಿ ತಂಗಿಯ ಮನೆಗೆ ಬಂದುಹೋಗುವುದಕ್ಕೆ ಎಷ್ಟು ಒಳ್ಳೆಯ ನೆಪ ಎಂದು ಅವಳಿಗೆ ಅನ್ನಿಸಿತು.

ಹಂಡೆ ಮಡು ಹೆಸರಿಗೆ ತಕ್ಕಂತೆ ಇತ್ತು. ಎರಡು ಹಾಸುಬಂಡೆಗಳ ನಡುವೆ ಸ್ನಾನದ ಹಂಡೆ ಹೂತಿಟ್ಟ ಹಾಗೆ ದುಂಡನೆಯ ಗುಂಡಿ. ಸುತ್ತ ಮೊಣಕಾಲುದ್ದ ನೀರು, ಮರಳು. ನಡುವೆ ಹಸಿರು ತಿರುಗಿ ಕಪ್ಪಾದ ಆಳ. ದಂಡೆಯಲ್ಲಿ ಹೊಂಗೆ ಮರದ ನೆರಳು. ಬೇರೆ ದಿನವಾಗಿದ್ದರೆ ಅವಳು ಕಾಲು ಇಳಿಬಿಟ್ಟು ಕೂತು, ಮಗಳಿಗೆ ಹೇಳಲು ಒಂದು ಕತೆ ಕಟ್ಟಿಕೊಳ್ಳುತ್ತಿದ್ದಳು.

ಗಂಗಾಧರಸ್ವಾಮಿ ಅಂಗಿ ಬಿಚ್ಚಿ, ಪಂಚೆ ಕಚ್ಚೆ ಕಟ್ಟಿ ನೀರಿಗೆ ಬಿದ್ದ. ಐವತ್ತೈದರ ಮನುಷ್ಯ. ಮುಳುಗಿದ, ಎದ್ದ, ಎರಡೂ ಕೈಯ ಮರಳನ್ನು ಬಂಡೆಯ ಮೇಲೆ ಸುರಿದು ಬೆರಳಲ್ಲಿ ಕೆದಕಿದ, ಮತ್ತೆ ಮುಳುಗಿದ. ಹೆಂಡತಿಗೆ ತೋರಿಸಲು ನಾಟಕ ಆಡುತ್ತಿದ್ದಾನೆ ಎಂದುಕೊಂಡು ಅವಳು ಮರದ ಕೆಳಗೆ ಕಲ್ಲಿನಂತೆ ಕೂತಳು. ಹತ್ತು ಸಲವಾಯಿತು. ಇಪ್ಪತ್ತಾಯಿತು. ನಾಟಕದವನು ಇಷ್ಟು ಹೊತ್ತಿಗೆ ಸುಸ್ತಾಗಿ ನಿಲ್ಲಿಸಬೇಕಿತ್ತು. ಇವನ ತುಟಿ ನೀಲಿಯಾಗಿತ್ತು, ಉಗುರಿನ ಸಂದಿಯಲ್ಲಿ ರಕ್ತ ಬರುತ್ತಿತ್ತು. ಅವಳ ಅನುಮಾನಕ್ಕೆ ಮೊದಲ ಬಾರಿಗೆ ಕಾಲು ಜಾರಿತು.

"ಬನ್ನಿ, ಊಟ ಮಾಡಿ" ಎಂದಳು.

ಬಾಳೆಲೆ ಹಾಸಿ ಗಂಡನಿಗೆ ಬಡಿಸಿದಳು. ಜವರಯ್ಯನಿಗೂ ಅಷ್ಟು ದೂರದಲ್ಲಿ ಕೊಟ್ಟಳು. ಗಂಗಾಧರಸ್ವಾಮಿ ರೊಟ್ಟಿ ಮುರಿದ.

"ಇರಿ. ಹೊಳೇಲಿ ಮಿಂದಿದ್ದೀರ, ಪತ್ರೆ ತಂದಿದ್ದೀನಿ. ಪೂಜೆ ಮಾಡಿ ಉಣ್ಣಿ."

"ಬೆಳಿಗ್ಗೆ ಆಗಿದೆಯಲ್ಲ."

"ಬಾಗಿಲು ಹಾಕ್ಕೊಂಡು ಆಗಿದೆ. ಏಳು ತಿಂಗಳಿಂದ ನಾನು ನೋಡಿಲ್ಲ. ಇಲ್ಲಿ ಹಾಕೋಕೆ ಬಾಗಿಲಿಲ್ಲ. ಕರಡಿಗೆ ತೆಗೀರಿ."

ಅವನು ಅವಳ ಮುಖ ನೋಡಿದ. ಜವರಯ್ಯನ ಕಡೆ ನೋಡಿದ. ಆಮೇಲೆ, ಇನ್ನು ಆಗುವುದಿಲ್ಲ ಎನ್ನುವವನಂತೆ, ಬಿಗಿ ಮಾಡಿಸಿದ ಮುಚ್ಚಳವನ್ನು ಉಗುರಿನಿಂದ ಮೀಟಿ ತೆರೆದ. ಎಡಗೈ ಮೇಲೆ ಉರುಳಿದ್ದು ಒಂದು ಹೊಳೆಗಲ್ಲು. ಬೂದು ಬಣ್ಣದ, ನುಣ್ಣಗಿನ, ಈ ದಂಡೆಯಲ್ಲಿ ಲಕ್ಷಗಟ್ಟಲೆ ಬಿದ್ದಿರುವಂಥ ಕಲ್ಲು.

"ಮುಚ್ಚಳ ಸಡಿಲ ಇತ್ತು" ಎಂದ ಗಂಗಾಧರಸ್ವಾಮಿ. ದನಿ ಅವನದಾಗಿರಲಿಲ್ಲ. "ನೀನು ಹೇಳ್ತಾನೇ ಇದ್ದೆ. ಇಲ್ಲಿ ಮುಳುಗಿದಾಗ ಜಾರಿ ಹೋಗಿದೆ. ನನಗೆ ಗೊತ್ತಾಗಿದ್ದು ಮಾರನೇ ದಿನ ಪೂಜೆಗೆ ಕೂತಾಗ. ತೆರೀತೀನಿ, ಖಾಲಿ. ನೀನು ಒಳಗೆ ರೊಟ್ಟಿ ತಟ್ತಾ ಇದ್ದೆ. ಆ ಸದ್ದು ಇನ್ನೂ ಕಿವೀಲಿದೆ."

"ಅವತ್ತೂ ಉಂಡ್ರಿ."

"ಉಂಡೆ."

"ಏಳು ತಿಂಗಳೂ ಉಂಡ್ರಿ. ಈ ಕಲ್ಲಿಗೆ ಪತ್ರೆ ಹಾಕಿ ಉಂಡ್ರಿ."

"ಮಠಕ್ಕೆ ಹೋಗಿ ಏನಂತ ಹೇಳ್ಲಿ ಮಂಗಳ? ಲಿಂಗ ಇಲ್ಲದ ಹುಡುಗರನ್ನ ಹಾಸ್ಟೆಲ್ಲಿಂದ ತೆಗೀಬೇಕು ಅಂತ ಬರೆದುಕೊಟ್ಟವನೇ ನಾನು. ಜವರಯ್ಯನ ಹತ್ರಾನೂ ಬಾಯಿ ಬರ್ಲಿಲ್ಲ. ಉಂಗುರ ಅಂದೆ. ಸಿಕ್ಕಿದ್ರೆ ಯಾರಿಗೂ ಗೊತ್ತಾಗದ ಹಾಗೆ..." ಮುಂದಕ್ಕೆ ಹೇಳಲಾಗದೆ ಅವನು ಆ ಕಲ್ಲನ್ನು ಮುಷ್ಟಿಯಲ್ಲಿ ಹಿಡಿದು ಅತ್ತ. ಅವನ ತಾಯಿ ಸತ್ತಾಗಲೂ ಅವಳು ಅವನು ಹಾಗೆ ಅತ್ತದ್ದನ್ನು ನೋಡಿರಲಿಲ್ಲ.

ಗೂಡು, ಹಿತ್ತಾಳೆ ತಟ್ಟೆ, ಬಿಳಿ ಚುಕ್ಕೆ. ಸರ್ವಮಂಗಳಮ್ಮನಿಗೆ ಎಲ್ಲ ಒಟ್ಟಿಗೆ ತಿಳಿಯಿತು. ಹೊಳೆ ಕೊಟ್ಟದ್ದನ್ನು ಮುದ್ದಮ್ಮ ಎತ್ತಿಟ್ಟುಕೊಂಡಿದ್ದಾಳೆ. ಇವನು ಪ್ರತಿವಾರ ಅದೇ ಮನೆಯ ಜಗಲಿಯಲ್ಲಿ ಕೂತು ನೀರು ಕುಡಿದು, ಗೋಡೆಯಾಚೆ ಇರುವುದನ್ನು ಹುಡುಕಲು ಮಡುವಿಗೆ ಬಂದಿದ್ದಾನೆ. ಇನ್ನೊಬ್ಬಳಿಲ್ಲ. ಆ ನೆಮ್ಮದಿ ಒಂದು ಉಸಿರಿನಷ್ಟು ಹೊತ್ತು ಇತ್ತು, ಅಷ್ಟೇ. ಅದರ ಹಿಂದೆಯೇ ಅರ್ಧ ಒಬ್ಬಟ್ಟು ಬಿಟ್ಟು ಎದ್ದ ಹುಡುಗನ ಮುಖ ಬಂತು.

ಸಿಟ್ಟು ನೆತ್ತಿಗೇರಿದಾಗ ಅವಳ ಬಾಯಲ್ಲಿ ಪೇಟೆ ಮಾತು ಹೋಗಿ ಹೆಡತಲೆಯ ಮಾತು ಬರುತ್ತಿತ್ತು.

"ಏಳಿ ಮ್ಯಾಕೆ" ಎಂದಳು.

"ಮಂಗಳ..."

"ನನ್ ಅಣ್ಣನ್ ಮಗನ್ಗೆ ಇನ್ನೂರ್ ಜನದ್ ಮುಂದೆ ಏನಂದ್ರಿ? ಅವ್ನು ನಿಜ ಏಳಿದ್ದ. ಒಂದು ವಾರ ಟೈಮ್ ಕೇಳಿದ್ದ. ನೀವು ಏಳ್ ತಿಂಗ್ಳು ತಕ್ಕಂಡಿದ್ದೀರ. ಏಳಿ, ಎಲೆ ಬುಟ್ಟು ಏಳಿ."

ಜವರಯ್ಯ ತನ್ನ ರೊಟ್ಟಿ ಹಿಡಿದುಕೊಂಡು ಬೇರೆ ಕಡೆ ತಿರುಗಿದ. ಗಂಗಾಧರಸ್ವಾಮಿ ಎದ್ದ. ಮುರಿದ ರೊಟ್ಟಿ ಎಲೆಯ ಮೇಲೆ ಉಳಿಯಿತು. ಬಂಡೆ ಇಳಿದು ಮತ್ತೆ ನೀರಿಗೆ ಬಿದ್ದ.

ಅವಳು ತಡೆಯಲಿಲ್ಲ. ಹುಡುಕಲಿ. ಇಲ್ಲಿ ಇಲ್ಲ ಎನ್ನುವುದು ತನಗೊಬ್ಬಳಿಗೇ ಗೊತ್ತು. ಇನ್ನೊಂದು ವಾರ ಹುಡುಕಲಿ, ಮಳೆ ಬಂದು ಹೊಳೆ ತುಂಬಿದ ಮೇಲೂ ಹುಡುಕಲಿ, ಮೂರು ಗೌರಿ ಹಬ್ಬದಷ್ಟು ಕಾಲ ಹುಡುಕಲಿ. ನಿಜ ಹೇಳಬೇಕೆಂದರೆ ಅವಳಿಗೆ ಅದು ಹಿತವಾಗಿಯೇ ಇತ್ತು. ಒಂದು ಸಲ ಮುಳುಗಿ ಎದ್ದ. ಎರಡನೆಯ ಸಲ ಎದ್ದಾಗ ಕೆಮ್ಮಿದ. ಮೂರನೆಯ ಸಲ ಮುಳುಗಿದವನು ಬೇಗ ಏಳಲಿಲ್ಲ. ಕಪ್ಪು ನೀರು ಸುಮ್ಮನೆ ನಿಂತಿತು. ಅವಳು ತನಗರಿವಿಲ್ಲದೆ ಎದ್ದು, ಸೀರೆ ಸಮೇತ ಮೊಣಕಾಲು ನೀರಿಗೆ ಇಳಿದಿದ್ದಳು. ಅವನ ತಲೆ ಕಂಡಾಗ ಅವಳ ಬಾಯಿಂದ ಬಂದದ್ದು ಬೈಗುಳವೇ.

"ಸಾಯ್ತೀರಾ? ಸತ್ತು ನನ್ನ ತಲೆ ಮೇಲೆ ಹಾಕ್ತೀರಾ? ಬನ್ನಿ ಮೇಲೆ. ಅದು ಇಲ್ಲಿಲ್ಲ."

"ನಿನಗೆ ಹೇಗೆ ಗೊತ್ತು?"

"ಬನ್ನಿ ಅಂದ್ನಲ್ಲ."

ಮುದ್ದಮ್ಮ ಅಂಗಳದಲ್ಲಿ ಬಲೆ ಹರಡಿಕೊಂಡು ಹರಿದ ಕಣ್ಣು ಹೆಣೆಯುತ್ತಿದ್ದಳು. ಸರ್ವಮಂಗಳಮ್ಮ ಗಂಡನ ತೋಳು ಹಿಡಿದು ನೇರವಾಗಿ ಒಳಗೆ ಕರೆದುಕೊಂಡು ಹೋಗಿ ಗೂಡಿನ ಮುಂದೆ ನಿಲ್ಲಿಸಿದಳು. ಕತ್ತಲೆಗೆ ಅವನ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಆ ಬಿಳಿ ಚುಕ್ಕೆ ಕಂಡು ನೆಲಕ್ಕೆ ಕೂತುಬಿಟ್ಟ.

ಹಿಂದೆಯೇ ಓಡಿಬಂದ ಮುದ್ದಮ್ಮನ ಮುಖ ಬಿಳಿಚಿಕೊಂಡಿತ್ತು. "ತಪ್ಪಾಯ್ತಾ ಅಮ್ಮಾವ್ರೆ? ನಾನೇನ್ ಕದ್ದಿಲ್ಲ ಕಣ್ರವ್ವ. ಶಿವರಾತ್ರಿ ಮಾರ್ನೆ ದಿಸ ಬಲೆ ಒದ್ರುವಾಗ ಮಳ್ಳಿನ್ ಜತೇಲಿ ಬಂತು. ನಂಜುಂಡಪ್ಪನೇ ಬಂದವ್ನೆ ಅಂತ ತಂದ್ ಮಡೀಕಂಡೆ. ಮೀನ್ ತಿಂದ್ ದಿಸ ಮುಟ್ಟಿಲ್ಲ. ತಲೆ ಮ್ಯಾಲೆ ನೀರ್ ಉಯ್ಕಂಡೇ ಊ ಮಡುಗ್ತೀನಿ."

"ಇದು ಇವರ ಕೊರಳಿಂದು ಮುದ್ದಮ್ಮ" ಎಂದಳು ಸರ್ವಮಂಗಳಮ್ಮ. "ಇವರು ಹುಡುಕ್ತಿದ್ದದ್ದು ಇದನ್ನೇ."

ಮುದ್ದಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆ ಜನರ ಕೊರಳಿನ ಬೆಳ್ಳಿ ಡಬ್ಬಿಗಳನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಒಳಗೆ ಏನಿರುತ್ತದೆ ಎಂದು ಯಾರೂ ಅವಳಿಗೆ ತೋರಿಸಿರಲಿಲ್ಲ.

"ಉಂಗ್ರ ಅಂದ್ರಲ್ಲ ಬುದ್ಧಿ!" ಎಂದಳು. "ಉಂಗ್ರ ಉಡುಕ್ದೋ. ದೇವ್ರು ಅಂತ ಒಂದ್ ಮಾತ್ ಅಂದಿದ್ರೆ ಅವತ್ತೇ ತಂದ್ ಕೈಗ್ ಕೊಡ್ತಿರ್ನಿಲ್ವಾ?"

ಗಂಗಾಧರಸ್ವಾಮಿ ಎದ್ದು ಗೂಡಿಗೆ ಕೈ ಚಾಚಿದ. ಸರ್ವಮಂಗಳಮ್ಮ ಅವನ ಕೈ ಹಿಡಿದಳು.

"ನೀವು ತಗೋಬೇಡಿ. ಅವಳು ಕೊಡ್ಲಿ."

"ಅಯ್ಯಯ್ಯೋ ಬ್ಯಾಡಿ ಅಮ್ಮಾವ್ರೆ, ಈಗ್ತಾನೆ ಬಲೆ ಮುಟ್ಟಿವ್ನಿ" ಎಂದು ಮುದ್ದಮ್ಮ ಹಿಂದೆ ಸರಿದಳು.

"ಕೈ ತೊಳ್ಕೊಂಡು ಬಾ. ಇಷ್ಟು ದಿನ ನೋಡಿಕೊಂಡೋಳು ನೀನು."

ಮುದ್ದಮ್ಮ ಕೈ ತೊಳೆದು ಬಂದು, ತಟ್ಟೆಯಿಂದ ಲಿಂಗವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಬಲೆಯ ದಾರ ಕೊಯ್ದ ಗೆರೆಗಳು ಅವಳ ಬೆರಳ ತುಂಬ. ಗಂಗಾಧರಸ್ವಾಮಿ ಆ ಬೆರಳುಗಳನ್ನು ನೋಡಿದ. ಸರ್ವಮಂಗಳಮ್ಮ ಅವನನ್ನು ನೋಡಿದಳು. ಈಗ ಇವನು ಕೈ ಹಿಂದಕ್ಕೆ ಎಳೆದುಕೊಂಡರೆ, ಶುದ್ಧಿ ಗಿದ್ದಿ ಎಂದು ಒಂದು ಮಾತು ಆಡಿದರೆ, ನಾನು ಈ ಮನುಷ್ಯನ ಜೊತೆ ಬಸ್ಸು ಹತ್ತುವುದಿಲ್ಲ ಎಂದು ನಿರ್ಧಾರ ಮಾಡಿಬಿಟ್ಟಿದ್ದಳು.

ಅವನ ಎಡಗೈ ಮುಷ್ಟಿಯಲ್ಲಿ ಇನ್ನೂ ಆ ಬೂದುಗಲ್ಲು ಇತ್ತು. ಅದನ್ನು ಬಲಗೈಗೆ ತೆಗೆದುಕೊಂಡು, ಎಡಗೈ ಬಿಚ್ಚಿ, ಮುದ್ದಮ್ಮನ ಮುಂದೆ ಚಾಚಿದ. ಅವಳು ಲಿಂಗವನ್ನು ಅದರ ಮೇಲಿಟ್ಟಳು. ಇಡುವಾಗ ಅವಳ ಬೆರಳು ಅವನ ಅಂಗೈಗೆ ತಾಗಿತು. ಅವನು ಕಣ್ಣು ಮುಚ್ಚಿಕೊಂಡ, ಕೈ ಅಲ್ಲಾಡಲಿಲ್ಲ.

ಖಾಲಿ ತಟ್ಟೆಯನ್ನು ನೋಡಿ ಮುದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಗೂಡು ಬಣಬಣ ಅಂತದೆ" ಎಂದಳು. ಅಂಜುತ್ತ, "ಆ ಕಲ್ನಾದ್ರೂ ಕೊಟ್ ಓಗಿ ಬುದ್ಧಿ. ನೀವ್ ಪತ್ರೆ ಆಕಿದ್ದಲ್ವಾ" ಎಂದಳು.

ಗಂಗಾಧರಸ್ವಾಮಿ ಏಳು ತಿಂಗಳು ಎದೆಯ ಮೇಲೆ ಹೊತ್ತ ಸುಳ್ಳನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟ. ಮುದ್ದಮ್ಮ ಅದೇ ಕಣಗಿಲೆ ಹೂವನ್ನು ಎತ್ತಿ ಅದರ ಮೇಲಿಟ್ಟಳು.

ರಸ್ತೆಗೆ ಬಂದು ಬಸ್ಸಿಗೆ ಕಾಯುವಾಗ ಅವನು ಕೇಳಿದ, "ನಂಜನಗೂಡಿಂದ ಹೆಡತಲೆಗೆ ಕಡೇ ಬಸ್ಸು ಎಷ್ಟೊತ್ತಿಗೆ?"

"ಆರೂವರೆಗೆ" ಎಂದಳು ಸರ್ವಮಂಗಳಮ್ಮ. "ಬೆಳಿಗ್ಗೆಯಿಂದ ಉಂಡಿಲ್ಲ ನೀವು. ಡಬ್ಬೀಲಿ ರೊಟ್ಟಿ ಇದೆ."

"ಇರ್ಲಿ. ಮಲ್ಲಿಕಾರ್ಜುನ ಪಕ್ಕದಲ್ಲಿ ಜಾಗ ಕೊಟ್ರೆ ಅಲ್ಲೇ ಉಣ್ತೀನಿ."

"ಕೊಡದೆ ಇದ್ರೆ?"

"ನಿಂತಿರ್ತೀನಿ" ಎಂದ ಗಂಗಾಧರಸ್ವಾಮಿ.

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅವಳು ಡಬ್ಬಿಯ ಗಂಟನ್ನು ಬಿಗಿಯಾಗಿ ಕಟ್ಟಿ, ಈ ಸಲ ತಾನೇ ಹಿಡಿದುಕೊಂಡಳು.